ತವರಿನ ಕೋಳಿ ದಿಬ್ಬ ಹತ್ತಿದ್ದು

ನಮ್ಮೂರಿನಲ್ಲಿ ಕೋಳಿಯನ್ನು ಎತ್ತಲು ಆಗುವುದಿಲ್ಲ. ಮರಿಯಾಗಿದ್ದಾಗ ಅಂಗೈ ಮೇಲೆ ಕೂರಿಸಿಕೊಂಡು ಎಷ್ಟು ಬೇಕಾದರೂ ಮುದ್ದು ಮಾಡಬಹುದು. ಮೈತುಂಬ ಬಿಳಿ ಪುಕ್ಕ ಮೂಡಿತೋ, ಅಲ್ಲಿಗೆ ಮುಗಿಯಿತು. ನೆಲದ ಮೇಲೆ ಎರಡು ಕೆಜಿ ಇರುವ ಕೋಳಿ, ಕೈ ಹಾಕಿ ಎತ್ತಹೋದರೆ ಒರಳುಕಲ್ಲಿನಷ್ಟು ಭಾರವಾಗಿಬಿಡುತ್ತದೆ. ಗಾಡಿಗೆ ಹತ್ತಿಸಿದರೆ ಗಾಡಿಯ ಅಚ್ಚು ಮುರಿಯುತ್ತದೆ. ಒಮ್ಮೆ ಹೊರಗಿನಿಂದ ಬಂದ ಪೈಲ್ವಾನನೊಬ್ಬ ಇದನ್ನು ಕೇಳಿ ನಕ್ಕು, ಮೀಸೆ ತಿರುವಿ, ನನ್ನ ಶೆಡ್ಡಿನ ಮುಂದೆ ಬಗ್ಗಿದ. ಬಗ್ಗಿದವನು ಬಗ್ಗಿಕೊಂಡೇ ಬಸ್ಸು ಹತ್ತಿ ಹೋದ. ಕೋಳಿ ಏನೂ ಆಗಿಲ್ಲವೆಂಬಂತೆ ಅವನು ನಿಂತಿದ್ದ ಜಾಗದಲ್ಲಿ ಬಿದ್ದಿದ್ದ ಜೋಳ ಹೆಕ್ಕುತ್ತಿತ್ತು.

ಆದ್ದರಿಂದ ಇಲ್ಲಿ ಕೋಳಿ ಕೊಂಡವರು ಅದನ್ನು ನಡೆಸಿಕೊಂಡೇ ಮನೆಗೆ ಹೋಗಬೇಕು. ತೂಕದ ಹಲಗೆಯನ್ನೂ ನೆಲಕ್ಕೆ ಸಮವಾಗಿ ಹುಗಿದಿದ್ದೇವೆ. ಕೋಳಿ ಅದರ ಮೇಲೆ ಹಾದು ಹೋಗುವಾಗ ಮುಳ್ಳು ನೋಡಿಕೊಳ್ಳುತ್ತೇವೆ. ಮನೆಗೆ ನಡೆದು ಬಾರದ ಕೋಳಿಯನ್ನು ನಮ್ಮೂರಿನವರು ಉಣ್ಣುವುದಿಲ್ಲ. ಬ್ರಾಯ್ಲರ್ ಕೋಳಿಯ ನಡಿಗೆ ನೋಡಿದವರಿಗೆ ಇದರ ಕಷ್ಟ ಗೊತ್ತಾದೀತು. ಅದು ನಾಲ್ಕು ಹೆಜ್ಜೆ ಇಡುತ್ತದೆ, ಕೂರುತ್ತದೆ, ಲೋಕವನ್ನೊಮ್ಮೆ ನೋಡುತ್ತದೆ, ಆಮೇಲೆ ಏಳುವುದೋ ಬೇಡವೋ ಎಂದು ಯೋಚನೆಗೆ ಬೀಳುತ್ತದೆ. ಹಿಂದೆ ಬರುವವರು ಅಷ್ಟು ಹೊತ್ತೂ ನಿಂತಿರಬೇಕು. ನಿಂತವರು ಸುಮ್ಮನಿರುತ್ತಾರೆಯೇ? ಊರಿನ ಮಾತುಕತೆಯೆಲ್ಲ ನಡೆಯುವುದು ಕೋಳಿಯ ಹಿಂದೆಯೇ. ಮುನಿಸಿಕೊಂಡ ಅಣ್ಣತಮ್ಮಂದಿರು ಒಂದೇ ದಿನ ಕೋಳಿ ಕೊಂಡು ಮನೆ ಮುಟ್ಟುವಷ್ಟರಲ್ಲಿ ರಾಜಿಯಾಗಿದ್ದಾರೆ. ಮದುವೆಯ ವಯಸ್ಸಿಗೆ ಬಂದ ಹುಡುಗರು ಅತಿ ದಪ್ಪನೆಯ, ಕಾಲು ಸೋತ ಕೋಳಿಯನ್ನೇ ಬೇಕೆಂದು ಕೇಳಿ, ಹುಡುಗಿಯ ಮನೆಯ ಬೀದಿಯಲ್ಲೇ ನಡೆಸಿಕೊಂಡು ಹೋಗುತ್ತಾರೆ.

ಅಂಥ ಕೋಳಿಗೆ ಹೆಸರುವಾಸಿಯಾದವಳು ನಾನು, ಕೆಳಪೇಟೆಯ ಸಣ್ಣತಾಯಿ. ಹೆಸರಷ್ಟೇ ಸಣ್ಣದು, ಆಳು ಸಣ್ಣವಳಲ್ಲ, ಬಾಯಿಯಂತೂ ಅಲ್ಲವೇ ಅಲ್ಲ. ಕೋಳಿಮನೆಯ ಕೆಲಸ ನಾನೂ ನನ್ನ ಗಂಡ ಚಿಕ್ಕೀರಯ್ಯನೂ ನೋಡಿಕೊಳ್ಳುತ್ತೇವೆ. ಮೇವು ಕಲಸುವುದು ಮಾತ್ರ ನನ್ನದೇ. ಮೆಕ್ಕೆಜೋಳದ ನುಚ್ಚು, ಸೋಯಾ ಹಿಂಡಿ, ಚೂರು ಸುಣ್ಣಕಲ್ಲಿನ ಪುಡಿ, ಉಪ್ಪು. ಜೋಳ ಕಸುವು ಕೊಡುತ್ತದೆ, ಮೈ ಕಟ್ಟುವುದು ಸೋಯಾದೊಳಗಿನ ಪ್ರೋಟೀನು. ನನ್ನ ಕೋಳಿಗಳ ಎದೆ ನೋಡಿದವರು ದೃಷ್ಟಿ ತಾಗೀತೆಂದು ತಾವೇ ಮುಖ ತಿರುಗಿಸುತ್ತಿದ್ದರು. ನನಗೂ ಅದರ ಜಂಬ ಇತ್ತು, ಇಲ್ಲವೆನ್ನುವುದಿಲ್ಲ.

ಆದರೆ ಆ ಜಂಬವೆಲ್ಲ ದಿಬ್ಬದ ಬುಡದವರೆಗೆ ಮಾತ್ರ. ಊರಿನ ನೆತ್ತಿಯ ಮೇಲೆ ದಿಬ್ಬದ ಕೇರಿ ಇದೆ. ಅಲ್ಲಿಗೆ ಇರುವುದು ಒಂದೇ ದಾರಿ, ಕಡಿದಾದ ಕಲ್ಲಿನ ಮೆಟ್ಟಿಲು. ನನ್ನ ತಂಗಿ ದೇವೀರಿಯನ್ನು ಅಲ್ಲಿಗೇ ಕೊಟ್ಟಿದ್ದೇವೆ. ಅವ್ವ ತೀರಿಕೊಂಡಾಗ ಅವಳು ಇನ್ನೂ ತೊಟ್ಟಿಲ ಕೂಸು; ನನ್ನ ಸೊಂಟದ ಮೇಲೇ ಬೆಳೆದವಳು. ಅವಳಿಗೆ ತವರು ಎಂದರೆ ನಾನೇ. ದಿಬ್ಬದವರಲ್ಲಿ ಒಂದು ಪದ್ಧತಿಯಿದೆ. ಸೊಸೆಯ ತವರಿನಲ್ಲಿ ಬೆಳೆದ ಕೋಳಿಯೊಂದು ಮೆಟ್ಟಿಲು ಹತ್ತಿ, ತಾನಾಗಿ ಬಂದು ಹೊಸಲು ದಾಟಬೇಕು. ದಾಟಿದ ದಿನ ಅತ್ತೆ ಸೌಟನ್ನು ಸೊಸೆಯ ಕೈಗೆ ಕೊಟ್ಟು ಜಗಲಿಗೆ ಬಂದು ಕೂರುತ್ತಾಳೆ, ಮನೆ ಸೊಸೆಯದಾಗುತ್ತದೆ. ಅಲ್ಲಿಯವರೆಗೆ ಅವಳು ಒಲೆ ಮುಟ್ಟುವಂತಿಲ್ಲ, ಪಾತ್ರೆಗೆ ಕೈ ಹಾಕುವಂತಿಲ್ಲ. ತನ್ನ ಮನೆಯಲ್ಲೇ ನೆಂಟಳು. ಇಂಥವರನ್ನು ನೆಂಟಸೊಸೆ ಎನ್ನುತ್ತಾರೆ. ನೆಂಟಸೊಸೆಯ ತವರಿನವರೂ ಆ ಮನೆಯೊಳಗೆ ಕಾಲಿಡುವಂತಿಲ್ಲ, ಒಂದು ಲೋಟ ನೀರು ಕುಡಿಯುವಂತಿಲ್ಲ.

ನಾಟಿ ಕೋಳಿಗಳಿದ್ದ ಕಾಲದಲ್ಲಿ ಇದು ದೊಡ್ಡ ಮಾತಾಗಿರಲಿಲ್ಲ. ಅವು ಪುರ್ರೆಂದು ಮೆಟ್ಟಿಲು ಹಾರಿ ಹೋಗುತ್ತಿದ್ದವಂತೆ. ಒಂದು ವರ್ಷ ಕೊಕ್ಕರೆ ರೋಗ ಬಂದು ನಾಟಿ ಕೋಳಿಯ ಸಂತಾನವೇ ಊರಿನಿಂದ ಹೋಯಿತು. ಆಮೇಲೆ ಬಂದದ್ದೆಲ್ಲ ಬ್ರಾಯ್ಲರ್. ಇವು ಮೊದಲನೆಯ ಮೆಟ್ಟಿಲ ಮುಂದೆ ನಿಂತು, ಕತ್ತು ಮೇಲೆತ್ತಿ ನೋಡಿ, ಅಲ್ಲೇ ಕೂತುಬಿಡುತ್ತವೆ. ಹೀಗಾಗಿ ದಿಬ್ಬದ ಮನೆಮನೆಯಲ್ಲೂ ನೆಂಟಸೊಸೆಯರೇ. ನಾನು ತಂಗಿಯನ್ನು ನೋಡಬೇಕೆಂದರೆ ಅವಳ ಮನೆಯ ಬೇಲಿಯಾಚೆ ನಿಂತು ನೋಡಬೇಕಿತ್ತು. ಒಂದು ಸಲ ಅವಳು ಹೇಳಿದ್ದು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಹೋಯಿತು.

"ಎಲ್ಲಾರ್ಗಿಂತ ಮೊದ್ಲು ನಂಗೇ ಬಡಿಸ್ತಾರೆ ಕಣಕ್ಕ. ಬೇಜಾರೇನಿಲ್ಲ. ಆದ್ರೆ ಮಧ್ಯಾಹ್ನ ಹಸಿವಾದ್ರೆ ಒಂದು ರೊಟ್ಟಿ ಚೂರಿಗೂ ಬಾಯ್ಬಿಟ್ಟು ಕೇಳ್ಬೇಕು. ನಮ್ಮನೇಲಿ ಯಾರಾದ್ರೂ ಕೇಳಿ ತಿಂತಾರಾ?"

ಅವಳ ಅತ್ತೆ ಚನ್ನಾಜಮ್ಮ ಆಗ ಒಳಗೆ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು. ಈ ಮುದುಕಿಗೆ ಸೌಟು ಬಿಡುವ ಮನಸ್ಸೇ ಇಲ್ಲ, ಕೋಳಿ ಹತ್ತದಿರುವುದು ಇವಳಿಗೆ ಹಬ್ಬವೇ ಆಗಿದೆ ಎಂದುಕೊಂಡು ನಾನು ಮನಸ್ಸಿನಲ್ಲೇ ಅವಳಿಗೆ ಬಾಯಿಗೆ ಬಂದಂತೆ ಬೈದು ಮೆಟ್ಟಿಲು ಇಳಿದೆ.

ಅದೇ ಮಳೆಗಾಲದಲ್ಲಿ ಹೊಳೆಯ ಸೇತುವೆ ಕೊಚ್ಚಿಹೋಗಿ ಸೋಯಾ ಲಾರಿ ಬರುವುದು ನಿಂತಿತು. ಮೂಟೆಗಳು ಖಾಲಿಯಾದವು. ಬರೀ ಜೋಳ ಹಾಕಿದರೆ ಕೋಳಿಗೆ ಕೊಬ್ಬು ಬರುತ್ತದೆಯೇ ಹೊರತು ಮೈ ಬರುವುದಿಲ್ಲ. ಸೋಯಾ ಇಲ್ಲದಿದ್ದರೇನು, ಅದೂ ಒಂದು ಕಾಳು ತಾನೇ, ಊರಿನಲ್ಲಿ ಬೇರೆ ಕಾಳುಗಳಿಗೆ ಬರವೇ ಎಂದುಕೊಂಡು ನಾನು ಅಟ್ಟದ ಮೇಲಿದ್ದ ಹುರುಳಿಯನ್ನು ಇಳಿಸಿ, ಹಸಿಯಾಗಿಯೇ ಒಡೆಸಿ ಮೇವಿಗೆ ಕಲಸಿದೆ. ಮಾರನೆಯ ದಿನದಿಂದಲೇ ಕೋಳಿಗಳು ತೆಳ್ಳಗೆ ಹಿಕ್ಕೆ ಹಾಕುತ್ತ, ರೆಕ್ಕೆ ಇಳಿಬಿಟ್ಟುಕೊಂಡು, ನಾನು ಹೋದಾಗಲೆಲ್ಲ ನನ್ನನ್ನು ಆರೋಪಿಯ ಹಾಗೆ ನೋಡತೊಡಗಿದವು. ಹಸಿ ಕಾಳಿನಲ್ಲಿ ಅರಗುವುದಕ್ಕೆ ಅಡ್ಡ ಬರುವ ಗುಣವೊಂದಿರುತ್ತದೆ, ಬೆಂಕಿ ಮುಟ್ಟಿಸದೆ ಅದು ಹೋಗುವುದಿಲ್ಲ ಎಂದು ನನಗೆ ಆಮೇಲೆ ತಿಳಿಯಿತು. ನಾವೂ ಹುರುಳಿಯನ್ನು ಹಸಿಯಾಗಿ ತಿನ್ನುವುದಿಲ್ಲವಲ್ಲ, ಕೋಳಿಯೇನು ನಮಗಿಂತ ಕೀಳೇ?

ಆಮೇಲೆ ಅವರೆ ಬೇಯಿಸಿ ಹಾಕಿದೆ. ಕೋಳಿಗಳು ಚೆನ್ನಾಗಿಯೇ ತಿಂದವು, ಆದರೆ ಹಂಡೆಯಿಂದೇಳುವ ಅವರೆಯ ಘಮಕ್ಕೆ ಬೀದಿಯ ಜನ ಒಬ್ಬೊಬ್ಬರಾಗಿ ಲೋಟ ಹಿಡಿದು ಬಂದು ಕಟ್ಟು ಕೇಳತೊಡಗಿದರು. ನನ್ನ ಗಂಡ ಕೋಳಿಯ ಪಾಲಿನಲ್ಲಿ ದಿನವೂ ಒಂದು ಬಟ್ಟಲು ತನ್ನ ಪಾಲು ಮಾಡಿಕೊಂಡ. ಯಾರೋ ಹೇಳಿದರೆಂದು ಕಾಡಿನ ನಸುಗುನ್ನಿಕಾಯಿ ತರಿಸಿದ್ದೂ ಆಯಿತು. ಅದರ ಬೀಜದಲ್ಲಿ ಸತ್ವವಿದೆಯಂತೆ, ನಿಜವಿರಬಹುದು. ಸಿಪ್ಪೆಯ ಮೇಲಿನ ರೋಮ ತಾಗಿ, ತುರಿಕೆ ಹತ್ತಿ, ನಾವಿಬ್ಬರೂ ಶೆಡ್ಡಿನ ಎರಡು ಕಂಬಗಳಿಗೆ ಬೆನ್ನು ಉಜ್ಜುತ್ತ ನಿಂತಿದ್ದನ್ನು ಇಡೀ ಕೆಳಪೇಟೆ ನೋಡಿತು. ಆ ಕಾಯಿಯನ್ನು ಗುಂಡಿ ತೋಡಿ ಹೂತೆವು.

ಕೊನೆಗೆ ಕೈಗೆ ಹತ್ತಿದ್ದು ಇಷ್ಟು. ಹುರುಳಿಯನ್ನು ನೆನೆಹಾಕಿ, ಬಸಿದು, ಒಣಗಿಸಿ, ಬೆಳಗಿನ ಜಾವ ದೊಡ್ಡ ಬಾಣಲೆಯಲ್ಲಿ ಚಟಪಟ ಸಿಡಿಯುವ ಹಾಗೆ ಹುರಿಯುವುದು. ಅದಕ್ಕೆ ಬೇಳೆ ಮಿಲ್ಲಿನಿಂದ ಬರುವ ತೊಗರಿ ನುಚ್ಚು ಸೇರಿಸುವುದು. ಈ ಕಾಳುಗಳಲ್ಲಿ ಕೊರತೆಯಾಗುವುದನ್ನು ತುಂಬಲಿಕ್ಕೆ ಒಂದು ಪಾಲು ಎಳ್ಳಿಂಡಿ. ಈ ಮೇವನ್ನು ಕೋಳಿಗಳು ಒಪ್ಪಿಕೊಂಡವು. ಬಾಣಲೆಯ ಚಟಪಟ ಕೇಳಿದರೆ ಸಾಕು, ಮಲಗಿದ್ದವೆಲ್ಲ ಎದ್ದು ಬಾಗಿಲಿಗೆ ಓಡಿ ಬರುತ್ತಿದ್ದವು. ನಾನು ಅದನ್ನು ನೋಡಿಯೂ ಮೊದಲು ಗಮನಿಸಲಿಲ್ಲ. ನನ್ನ ಕಣ್ಣೆಲ್ಲ ತೂಕದ ಮುಳ್ಳಿನ ಮೇಲಿತ್ತು, ಅದು ಮೊದಲಿನಷ್ಟು ಏಳುತ್ತಿರಲಿಲ್ಲ. ಎದೆ ಚಪ್ಪಟೆ, ತೊಡೆ ಸಣ್ಣ. ನನ್ನ ಹೆಸರು ಹಾಳಾಯಿತೆಂದು ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ಆಗ ಚಿಕ್ಕೀರಯ್ಯ ಬಂದು, ಒಂದು ಕೋಳಿ ಅಟ್ಟದ ಏಣಿ ಹತ್ತಿ ಹುರುಳಿ ಮೂಟೆಯ ಮೇಲೆ ಕೂತಿದೆ, ಏನು ಮಾಡುವುದು ಎಂದು ಕೇಳಿದ.

ನಾನು ಹೋಗಿ ನೋಡಿದೆ. ನಿಜವಾಗಿಯೂ ಕೂತಿತ್ತು. ಬ್ರಾಯ್ಲರ್ ಕೋಳಿ ಏಣಿ ಹತ್ತಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಸೋಯಾ ತಿಂದು ಬೇಗ ಬೇಗ ಮೈ ಬಂದಾಗ ಕಾಲು ಆ ಭಾರ ಹೊರಲಾರದು. ಮೈ ನಿಧಾನಕ್ಕೆ ಬಂದಿದ್ದರಿಂದ ಕಾಲಿಗೆ ಬಲ ಕೂಡಿಕೊಳ್ಳಲು ಪುರುಸೊತ್ತು ಸಿಕ್ಕಿತ್ತು. ನಾನು ಏಣಿಯ ಬುಡದಲ್ಲಿ ನಿಂತು ಆ ಕೋಳಿಯನ್ನು ನೋಡಿದೆ, ಕಿಟಕಿಯಲ್ಲಿ ಕಾಣುವ ದಿಬ್ಬದ ಮೆಟ್ಟಿಲುಗಳನ್ನು ನೋಡಿದೆ. ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ, ಎದುರಿಗಿದ್ದ ಗಂಡನ ಬೆನ್ನಿಗೆ ಜೋರಾಗಿ ಒಂದು ಗುದ್ದಿದೆ. ಅವನು ಯಾಕೆ ಎಂದೂ ಕೇಳಲಿಲ್ಲ, ಅಭ್ಯಾಸವಾಗಿತ್ತು.

ಊರಿಗೆ ಮಾತ್ರ ಈ ಕೋಳಿಗಳು ಸರಿಬೀಳಲಿಲ್ಲ. ಅವು ಶೆಡ್ಡಿನ ಬಾಗಿಲು ದಾಟಿದ ಕೂಡಲೇ ಕಾಲಿಗೆ ಬುದ್ಧಿ ಹೇಳುತ್ತಿದ್ದವು, ಕೊಂಡವರು ಪಂಚೆ ಎತ್ತಿ ಕಟ್ಟಿಕೊಂಡು ಹಿಂದೆ ಓಡಬೇಕಿತ್ತು. ಕೋಳಿಯ ಹಿಂದಿನ ಮಾತುಕತೆ ನಿಂತುಹೋಯಿತು. ರಾಜಿಯಾಗಬೇಕಿದ್ದ ಜಗಳಗಳು ಅರ್ಧಕ್ಕೇ ನಿಂತವು. ಹುಡುಗಿಯ ಮನೆಯ ಮುಂದೆ ಹುಡುಗರು ಏದುಸಿರು ಬಿಡುತ್ತ ಹಾದುಹೋಗುತ್ತಿದ್ದುದನ್ನು ನೋಡಿದರೆ ಯಾವ ಹುಡುಗಿ ತಾನೇ ಒಪ್ಪುತ್ತಾಳೆ? ಸೇತುವೆ ರಿಪೇರಿಯಾಗಿ ಸೋಯಾ ಲಾರಿ ಮತ್ತೆ ಬಂದ ದಿನ ನಿವೃತ್ತ ಪೋಸ್ಟ್ ಮಾಸ್ತರ್ ನಾಗೋಜಿಯವರು ಊರಿನ ಪರವಾಗಿ ನನ್ನ ಬಳಿ ಬಂದರು. ಅವರು ವಾರಕ್ಕೊಂದು ಕೋಳಿ ಕೊಳ್ಳುವುದು ತಿನ್ನುವ ಆಸೆಯಿಂದಲ್ಲ, ಮನೆ ಮುಟ್ಟುವಷ್ಟರಲ್ಲಿ ನಾಲ್ಕು ಜನರ ಜೊತೆ ಮಾತಾಡಬಹುದೆಂಬ ಆಸೆಯಿಂದ ಎಂದು ಎಲ್ಲರಿಗೂ ಗೊತ್ತಿತ್ತು.

"ನಿನ್ನ ಕೋಳಿ ನನ್ನನ್ನ ಮನೆಗೆ ಬೇಗ ಕಳಿಸ್ತಾ ಇದೆ ಸಣ್ಣತಾಯಿ," ಎಂದರು. "ಬೇಗ ಹೋಗಿ ನಾನಲ್ಲಿ ಏನು ಮಾಡ್ಲಿ?"

ಅವರ ಮುಖ ನೋಡಿ ನನಗೆ ಪಾಪವೆನ್ನಿಸಿತು. ಆದರೆ ತಂಗಿಯ ಮುಖವೂ ಕಣ್ಣೆದುರಿಗಿತ್ತು. ಎರಡನ್ನೂ ಬಿಡಲಾರದೆ ನಾನು ಶೆಡ್ಡಿನ ನಡುವೆ ಗೋಣಿತಟ್ಟಿನ ತೆರೆ ಕಟ್ಟಿ ಎರಡು ಭಾಗ ಮಾಡಿದೆ. ಬಾಗಿಲ ಕಡೆಯವಕ್ಕೆ ಮೊದಲಿನ ಹಾಗೆ ಸೋಯಾ, ಅವು ಕೆಳಪೇಟೆಗೆ. ಒಳಗಿನವಕ್ಕೆ ಹುರುಳಿ, ತೊಗರಿ, ಎಳ್ಳು, ಅವು ದಿಬ್ಬಕ್ಕೆ. ಒಳಗಿನ ಹಿಂಡಿನಲ್ಲಿ ಚುರುಕಾದ ಹುಂಜವೊಂದನ್ನು ಆರಿಸಿ, ಗುರುತಿಗೆ ಕಾಲಿಗೆ ಕೆಂಪು ದಾರ ಕಟ್ಟಿ, ಇದೇ ದೇವೀರಿಯ ಕೋಳಿ ಎಂದು ಚಿಕ್ಕೀರಯ್ಯನಿಗೆ ತೋರಿಸಿದೆ. ದಿಬ್ಬಕ್ಕೂ ಸುದ್ದಿ ಹೋಯಿತು.

ಹೊರಡುವ ದಿನ ಹತ್ತಿರವಾದಂತೆ ಆ ಹುಂಜ ದುಂಡಗಾಗುತ್ತ ಬಂತು. ಹುರುಳಿಯಲ್ಲೂ ಇಷ್ಟು ಮೈ ಬರುತ್ತದಲ್ಲ ಎಂದು ನಾನು ಹಿಗ್ಗಿದೆ. ಮೂರ್ಖತನವೆಂದರೆ ಇದೇ. ಮಂಗಳವಾರ ಬೆಳಿಗ್ಗೆ ಅದನ್ನು ಹೊರಡಿಸಿಕೊಂಡು ಮೆಟ್ಟಿಲ ಬುಡಕ್ಕೆ ಬಂದೆವು. ಹುಂಜ ಹತ್ತಿತು. ಜನ ಹೋ ಎಂದರು. ಅರ್ಧ ದಾರಿಗೆ ಬರುವಷ್ಟರಲ್ಲಿ ಅದು ಬಾಯಿ ಕಳೆದು ತೇಕತೊಡಗಿತು, ಒಂದು ಮೆಟ್ಟಿಲಿನ ಮೇಲೆ ನಿಂತಿತು, ರೆಕ್ಕೆ ಹರಡಿ ಕೂತಿತು. ಕೂತ ಕೋಳಿಯನ್ನು ಎಬ್ಬಿಸಲು ಯಾರಿಂದ ಸಾಧ್ಯ? ನಾನೂ ಪಕ್ಕದಲ್ಲಿ ಕೂತೆ. ಮೇಲೆ, ದಿಬ್ಬದ ಗೋಡೆಯ ಅಂಚಿನಲ್ಲಿ, ದೇವೀರಿ ಹೊಸ ಸೀರೆಯುಟ್ಟು ನಿಂತಿದ್ದಳು.

ಚಿಕ್ಕೀರಯ್ಯ ನನ್ನ ಮುಖ ನೋಡದೆ, ಪಾದದ ಕಡೆ ನೋಡುತ್ತ ಒಪ್ಪಿಕೊಂಡ. ಗೋಣಿತಟ್ಟಿನ ಕೆಳಗಿನಿಂದ ದಿನಾ ಬೊಗಸೆ ಬೊಗಸೆ ಸೋಯಾ ತಳ್ಳುತ್ತಿದ್ದನಂತೆ. ತವರಿನ ಕೋಳಿ ಬಡಕಲಾಗಿ ಹೋದರೆ ಬೀಗರ ಮುಂದೆ ನನ್ನ ಮಾನ ಹೋಗುತ್ತದೆ ಎಂದು ಅವನಿಗೆ ಸಂಕಟವಾಗಿತ್ತಂತೆ. ನನಗೆ ಸಿಟ್ಟು ನೆತ್ತಿಗೇರಿತು, ಆದರೆ ಬೈಯುವುದು ಯಾರನ್ನು? ಮಾನ ಮಾನ ಎಂದು ಇಷ್ಟು ವರ್ಷ ಅವನ ಕಿವಿಯಲ್ಲಿ ಊದಿದವಳು ನಾನೇ ತಾನೇ.

ಹುಂಜ ಏಳಲಿಲ್ಲ. ಬಿಸಿಲು ಇಳಿಯಿತು. ಆಗ ಮೇಲಿನಿಂದ ಒಬ್ಬಳು ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಇಳಿದು ಬಂದಳು. ಚನ್ನಾಜಮ್ಮ. ಬಯ್ಯಲು ಬಂದಳೆಂದು ನಾನು ಸೆರಗು ಬಿಗಿದುಕೊಂಡು ತಯಾರಾದೆ. ಅವಳು ನನ್ನ ಪಕ್ಕದಲ್ಲಿ ನಿಂತು, ಕೂತಿದ್ದ ಹುಂಜವನ್ನು ಬಹಳ ಹೊತ್ತು ನೋಡಿದಳು. ಅವಳ ಕೈಬೆರಳುಗಳು ಹೊಗೆ ಹಿಡಿದು ಕಪ್ಪಾಗಿದ್ದವು, ಮಂಡಿಗಳು ನಡುಗುತ್ತಿದ್ದವು.

"ನಿಂತು ಬೇಯ್ಸಕ್ಕೆ ನಂಗಿನ್ನು ಆಗಲ್ಲ ಸಣ್ಣತಾಯಿ," ಎಂದಳು. "ಇದು ಕೂತಂಗೆ ನಾನೂ ಒಂದಿನ ಒಲೆ ಮುಂದೆ ಕೂತ್ಬಿಡ್ತೀನಿ, ಎದ್ದೇಳಲ್ಲ. ಅಷ್ಟ್ರೊಳಗೆ ಒಂದು ನಡಿಯೋ ಕೋಳಿ ಕಳ್ಸು."

ಅಷ್ಟು ಹೇಳಿ ಮತ್ತೆ ಗೋಡೆ ಹಿಡಿದುಕೊಂಡು ಹತ್ತತೊಡಗಿದಳು. ನನಗೆ ನಾಚಿಕೆಯಾಯಿತು. ಒಲೆಯ ಮುಂದೆ ಅವಳ ಬೆನ್ನನ್ನಷ್ಟೇ ನೋಡಿ ಒಂದು ರಾಶಿ ಬೈಗುಳ ಬೈದಿದ್ದೆ, ಮುಖ ನೋಡಿರಲಿಲ್ಲ. ಹುಂಜ ಮಾರನೆಯ ದಿನ ಎದ್ದು, ಹತ್ತುವ ಬದಲು ಇಳಿದು, ಮೆಟ್ಟಿಲ ಬುಡದಲ್ಲಿದ್ದ ದರ್ಜಿಯ ಮನೆಗೆ ನುಗ್ಗಿತು. ದರ್ಜಿ ಅದನ್ನು ಉಂಡು, ಕೋಳಿ ರುಚಿಯಾಗಿತ್ತೆಂದು ಹೇಳಿಕಳಿಸಿದ. ಅವನಿಗೂ ಒಂದಷ್ಟು ಬೈದೆ.

ಮುಂದಿನ ಮರಿಗಳು ಬಂದಾಗ ನಾನು ಗೋಣಿತಟ್ಟನ್ನು ನೆಲಕ್ಕೆ ಮೊಳೆ ಹೊಡೆದು ಭದ್ರ ಮಾಡಿದೆ. ಚಿಕ್ಕೀರಯ್ಯನಿಗೆ ಹುರಿಯುವ ಕೆಲಸ ವಹಿಸಿದೆ. ಮಾಡಿದ ತಪ್ಪಿಗೆ ಅವನು ಬಾಣಲೆಯ ಮುಂದೆ ಬೆವರು ಸುರಿಸಲಿ ಎಂದು. ಬೆಳಗಿನ ಜಾವದ ಆ ಚಟಪಟ ಸದ್ದು ದಿಬ್ಬದವರೆಗೂ ಕೇಳುತ್ತದೆ ಎಂದು ದೇವೀರಿ ಹೇಳಿಕಳಿಸಿದ್ದಳು. ಈ ಸಲ ನಾನು ಯಾವ ಕೋಳಿಗೂ ದಾರ ಕಟ್ಟಲಿಲ್ಲ. ಹೊರಡುವ ದಿನ ಎಲ್ಲಕ್ಕಿಂತ ತೆಳ್ಳಗಿದ್ದ, ಎಲ್ಲರೊಂದಿಗೂ ಜಗಳವಾಡುತ್ತಿದ್ದ ಒಂದು ಹೇಂಟೆಯನ್ನು ಬಾಗಿಲಿಗೆ ನಡೆಸಿ ತಂದೆ. ನೋಡಿದವರು ಮೂಗು ಮುರಿದರು. ಮುರಿಯಲಿ, ಅವರ ಮೂಗು ಎಂದುಕೊಂಡೆ.

ಹೇಂಟೆ ಮೆಟ್ಟಿಲ ಬುಡದಲ್ಲಿ ನಿಲ್ಲಲೇ ಇಲ್ಲ. ಒಂದು ಸಲ ರೆಕ್ಕೆ ಬಡಿದು ಹತ್ತತೊಡಗಿತು. ನಾನು ಹಿಂದೆ ಬಿದ್ದೆ. ಅರ್ಧದವರೆಗೆ ಹೇಗೋ ಹೋದೆ, ಅಲ್ಲಿಂದ ಮುಂದೆ ನನ್ನ ಕಾಲು ಸೋತವು. ಹುಂಜ ಕೂತಿದ್ದ ಮೆಟ್ಟಿಲಿನ ಆಸುಪಾಸಿನಲ್ಲೇ ನಾನೂ ಬಾಯಿ ಕಳೆದುಕೊಂಡು ಕೂತೆ. ಇಷ್ಟು ವರ್ಷ ಸೋಯಾ ತಿಂದದ್ದು ಕೋಳಿಯೋ ನಾನೋ ಎಂದು ಕೆಳಗಿನಿಂದ ಯಾರೋ ಕೂಗಿದರು. ಚಿಕ್ಕೀರಯ್ಯ ಹಿಂದಿನಿಂದ ತಳ್ಳಿ ನೋಡಿದ, ನನ್ನನ್ನು ಎತ್ತುವುದು ನಮ್ಮೂರಿನ ಕೋಳಿಯನ್ನು ಎತ್ತಿದ ಹಾಗೇ ಆಯಿತು. ಅಷ್ಟರಲ್ಲಿ ಹೇಂಟೆ ಕೊನೆಯ ಮೆಟ್ಟಿಲು ದಾಟಿ ಕಣ್ಮರೆಯಾಯಿತು.

ಆಗ ನನಗೊಂದು ಮಾತು ಹೊಳೆಯಿತು. ದಿಬ್ಬದ ಮೇಲೆ ಎಲ್ಲ ಮನೆಗಳೂ ನೆಂಟಸೊಸೆಯರ ಮನೆಗಳು. ಬೆನ್ನ ಹಿಂದೆ ತವರಿನವರಿಲ್ಲದೆ ಬಂದ ಕೋಳಿ ಯಾವ ಹೊಸಲು ದಾಟುತ್ತದೋ ಆ ಮನೆಯ ಪಾಲಾಗುತ್ತದೆ, ಆ ಮನೆಯ ಸೊಸೆಯ ತವರಿನದೆಂದೇ ಲೆಕ್ಕ. ದೇವೀರಿ ಆಮೇಲೆ ಹೇಳಿದಳು, ಹೇಂಟೆ ಬೀದಿಗೆ ಬಂದದ್ದೇ ತಡ ಎರಡೂ ಸಾಲಿನ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವಂತೆ. ಪ್ರತಿ ಬಾಗಿಲಲ್ಲೂ ಒಬ್ಬೊಬ್ಬ ಸೊಸೆ. ಯಾರೂ ಕರೆಯುವಂತಿಲ್ಲ, ಕಾಳು ಚೆಲ್ಲುವಂತಿಲ್ಲ. ಕರೆದದ್ದಕ್ಕೆ ಒಳಗೆ ಬಂದ ಕೋಳಿ ಲೆಕ್ಕಕ್ಕೆ ಬರುವುದಿಲ್ಲ. ಎಲ್ಲರೂ ಬಾಯಿ ಮುಚ್ಚಿಕೊಂಡು, ಬರೀ ಕಣ್ಣಿನಲ್ಲೇ ಬೇಡಿಕೊಳ್ಳುತ್ತ ನಿಂತಿದ್ದರಂತೆ. ಹೇಂಟೆ ಬೀದಿಯ ನಡುವೆ ನಿಂತು ಈ ಕಡೆ ನೋಡಿತಂತೆ, ಆ ಕಡೆ ನೋಡಿತಂತೆ, ಪಕ್ಕದ ಮನೆಯ ಹೊಸಲಿನ ಮೇಲೆ ಒಂದು ಕಾಲನ್ನೂ ಇಟ್ಟಿತಂತೆ. ದೇವೀರಿ ಕಣ್ಣು ಮುಚ್ಚಿಕೊಂಡಳಂತೆ.

ನಾನು ಕೂತಲ್ಲಿಗೆ ಇದ್ಯಾವುದೂ ಕಾಣುತ್ತಿರಲಿಲ್ಲ. ಆದರೆ ಸದ್ದು ಕೇಳಿತು. ಹುರುಳಿ ಸಿಡಿಯುವ ಸದ್ದು, ಚಟ್, ಚಟ್, ಆಮೇಲೆ ಒಂದೇ ಸಮನೆ ಚಟಪಟ. ನನ್ನ ಬಾಣಲೆ ಕೆಳಗಿನ ಶೆಡ್ಡಿನಲ್ಲಿ ತಣ್ಣಗೆ ಕೂತಿದೆ, ಹುರಿಯುವ ಗಂಡ ನನ್ನ ಹಿಂದೆ ನಿಂತಿದ್ದಾನೆ, ಮೇಲಿನಿಂದ ಈ ಸದ್ದು ಹೇಗೆ ಬಂತು? ಹೊಸಲಿನ ಮೇಲಿಟ್ಟಿದ್ದ ಕಾಲನ್ನು ಹೇಂಟೆ ಹಿಂದಕ್ಕೆ ತೆಗೆದುಕೊಂಡಿತಂತೆ. ಕತ್ತು ಕೊಂಕಿಸಿ ಕೇಳಿತಂತೆ. ಆಮೇಲೆ ರೆಕ್ಕೆ ಬಿಚ್ಚಿ ಓಡಿದ್ದು ನೆಟ್ಟಗೆ ಚನ್ನಾಜಮ್ಮನ ಮನೆಯೊಳಕ್ಕೆ, ಅಲ್ಲಿಂದ ಅಡುಗೆಮನೆಗೆ. ಅಲ್ಲಿ ಮುದುಕಿ ನಡುಗುವ ಮಂಡಿಯಲ್ಲೇ ನಿಂತು ಹುರುಳಿ ಹುರಿಯುತ್ತಿದ್ದಳು. ದಿಬ್ಬದ ಹೆಂಗಸರು ಬಂದು ಇದು ಕರೆದ ಹಾಗಲ್ಲವೇ ಎಂದು ತಗಾದೆ ತೆಗೆದಾಗ ಅವಳು ಬಾಣಲೆಯಿಂದ ಕಣ್ಣೆತ್ತಲಿಲ್ಲ.

"ಕರ್ಯೋದು ತಪ್ಪು," ಎಂದಳು. "ಅಡ್ಗೆ ಮಾಡೋದು ನನ್ ಕೆಲ್ಸ. ಇವತ್ತು ಹುರುಳಿ ಸಾರು ಅಂದ್ಕಂಡಿದ್ದೆ."

ತಗಾದೆ ಅಲ್ಲಿಗೇ ಮುಗಿಯಿತು. ಎಲ್ಲರ ಮನೆಗಳಲ್ಲೂ ಅಂಥವೇ ಮಂಡಿಗಳಿದ್ದವು. ಅವತ್ತೇ ಸಂಜೆಯೊಳಗೆ ಆ ಮನೆಗಳ ಸೊಸೆಯರ ತವರಿನವರೆಲ್ಲ ನನ್ನ ಶೆಡ್ಡಿಗೆ ಬಂದು ಮರಿ ಮತ್ತು ಮೇವಿಗೆ ಹೇಳಿಹೋದರೆಂಬುದು ಬೇರೆ ಮಾತು.

ನಾನು ಚಿಕ್ಕೀರಯ್ಯನ ಹೆಗಲು ಹಿಡಿದು ಮೇಲೆ ಮುಟ್ಟುವಷ್ಟರಲ್ಲಿ ಸೌಟು ಕೈ ಬದಲಾಗಿತ್ತು. ದೇವೀರಿಯ ಗಂಡ ಕೋಳಿಯನ್ನು ಕುಯ್ಯಲು ಹಿತ್ತಲಿಗೆ ಅಟ್ಟಿಕೊಂಡು ಹೋಗಿದ್ದ, ಚಿಕ್ಕೀರಯ್ಯನೂ ಅತ್ತ ಹೋದ. ಚನ್ನಾಜಮ್ಮ ಜಗಲಿಗೆ ಬಂದು ಕೂತಿದ್ದಳು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವಳ ಹಾಗೆ ಒಮ್ಮೆ ಮಡಿಲಲ್ಲಿ, ಒಮ್ಮೆ ನೆಲದ ಮೇಲೆ ಇಡುತ್ತಿದ್ದಳು. ನಾನು ಹೊಸಲು ದಾಟಿ ಒಮ್ಮೆ ಒಳಗೆ ಹೋಗಿ ಬಂದು ಅವಳ ಪಕ್ಕ ಕೂತೆ. ತಂಗಿಯ ಮನೆಯ ನೆಲ ತಣ್ಣಗಿತ್ತು.

ಅಡುಗೆಮನೆಯಲ್ಲಿ ಒಂದಾದ ಮೇಲೊಂದು ಪಾತ್ರೆ ಬೀಳುವ ಸದ್ದು. ಮದುವೆಯಾದಾಗಿನಿಂದ ಒಲೆ ಮುಟ್ಟದವಳು, ಅದಕ್ಕೆ ಮೊದಲು ನಾನು ಮುದ್ದಿಗೆ ಮುಟ್ಟಗೊಡದವಳು, ಅವಳಿಗೇನು ಬರುತ್ತದೆ? ಹೊಗೆ ಜಗಲಿಯವರೆಗೂ ಬಂತು. ಏನೋ ಸೀದ ವಾಸನೆ ಬಂತು. ನಾನು ತಡೆಯಲಾರದೆ ಎದ್ದೆ. ಚನ್ನಾಜಮ್ಮ ನನ್ನ ಕೈ ಹಿಡಿದು ಕೂರಿಸಿದಳು.

"ಬಿಡು, ಕೆಡುಸ್ಲಿ," ಎಂದಳು. "ನಾನೂ ಕೆಡ್ಸೇ ಕಲ್ತಿದ್ದು."

ಬಹಳ ಹೊತ್ತಿನ ಮೇಲೆ ದೇವೀರಿ ಬಂದಳು. ಮುಖದ ಮೇಲೆಲ್ಲ ಮಸಿ, ಒಂದು ಬೆರಳು ಸುಟ್ಟುಕೊಂಡಿದ್ದಳು. ನಮ್ಮಿಬ್ಬರ ಮುಂದೆ ತಟ್ಟೆಯಿಟ್ಟು, ಮುದ್ದೆ ಹಾಕಿ, ಸಾರು ಬಡಿಸಿ, ಸೌಟು ಹಿಡಿದುಕೊಂಡೇ ಎದುರಿಗೆ ನಿಂತಳು. ನಾನು ಒಂದು ತುತ್ತು ಬಾಯಿಗಿಟ್ಟೆ. ಉಪ್ಪು ಜಾಸ್ತಿ, ಖಾರ ಹಸಿಹಸಿ, ಮೆಟ್ಟಿಲು ಹತ್ತಿ ಬಂದ ಆ ಜಗಳಗಂಟಿಯ ತೊಡೆ ನನ್ನ ಹಲ್ಲಿಗೂ ಬಗ್ಗಲಿಲ್ಲ. ಅಂಥ ಸಾರನ್ನು ನಾನು ಬೇರೆ ಯಾರ ಮನೆಯಲ್ಲಿ ಉಂಡಿದ್ದರೂ ಊರಿಗೆಲ್ಲ ಸಾರಿ ಬರುತ್ತಿದ್ದೆ. ನನ್ನ ಸೊಂಟದ ಮೇಲೆ ಬೆಳೆದ ಕೂಸು ತನ್ನ ಮನೆಯಲ್ಲಿ ತನ್ನ ಕೈಯಾರೆ ನನಗೆ ಬಡಿಸಿತ್ತು. ನನಗೆ ಅಳು ಬಂದು ಅತ್ತುಬಿಟ್ಟೆ. ಅವಳು ಗಾಬರಿಯಿಂದ ಹೇಗಿದೆ ಎಂದು ಕೇಳಿದಳು. ನಾನು ಚನ್ನಾಜಮ್ಮನ ಕಡೆ ನೋಡಿದೆ.

ಚನ್ನಾಜಮ್ಮ ತಲೆ ತಗ್ಗಿಸಿ ನಿಧಾನವಾಗಿ ಅಗಿಯುತ್ತಿದ್ದಳು. ಇನ್ನೊಬ್ಬರು ಬಡಿಸಿದ್ದನ್ನು ಕೂತು ಉಂಡು ಅವಳಿಗೆ ಎಷ್ಟು ಕಾಲವಾಗಿತ್ತೋ. ತಟ್ಟೆಯಲ್ಲಿದ್ದುದನ್ನೆಲ್ಲ ಮುಗಿಸಿ, ಬೆರಳಿನಲ್ಲಿ ಸಾರು ಬಳಿದು ನೆಕ್ಕಿ, ತಟ್ಟೆಯನ್ನು ಸೊಸೆಯ ಕಡೆ ಚಾಚಿದಳು.

"ಇನ್ನೊಂದ್ ಸೌಟು ಹಾಕವ್ವ," ಎಂದಳು.

ನಾನೂ ತಟ್ಟೆ ಚಾಚಿದೆ.